ಕೇಳದವರ ಮೌಖಿಕ ಪರಂಪರೆ

"ಏನಮ್ಮಾ, ಥೀಸಿಸ್ ಬಿಟ್ಟು ಇಯರ್‌ಫೋನ್ ಅಂಗಡಿ ಇಟ್ಟಿದೀಯಂತೆ?"

ಜಾನಪದದ ವಿಚಾರ ಸಂಕಿರಣವೊಂದರ ಊಟದ ಸಾಲಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಹೀಗೆ ಕೇಳಿದಾಗ ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ತಟ್ಟೆ ಹಿಡಿದುಕೊಂಡು ವಾದ ಮಾಡುವುದು ಕಷ್ಟ, ಅದೂ ನಾಳೆ ನನ್ನ ವೈವಾಕ್ಕೆ ಬಂದು ಕೂರಬಹುದಾದವರ ಜೊತೆ. ಅವತ್ತು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಓದಿದರೂ ಸರಿ.

ನಾನು ಅಂಗಡಿ ಇಟ್ಟಿಲ್ಲ. ಮೈಸೂರಿನಲ್ಲಿ ಗೆಳತಿಯೊಬ್ಬಳ ಮನೆ ಮಹಡಿಯ ಮೇಲೆ, ಒಂದು ಭಾನುವಾರ, ಹೆಡ್‌ಫೋನ್ ಹುಚ್ಚಿನವರನ್ನೆಲ್ಲ ಸೇರಿಸಿದೆ. ಹದಿನಾಲ್ಕು ಜನ ಬಂದರು. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಐದು ಜನ, ಉಳಿದವರು ಇಲ್ಲಿಯವರೇ. ಅವರವರ ಹೆಡ್‌ಫೋನ್, ಆಂಪ್ಲಿಫೈಯರ್, ಕೇಬಲ್ಲುಗಳನ್ನು ತಂದು ಮೇಜಿನ ಮೇಲೆ ಹರಡಿದರು. ಒಬ್ಬರದನ್ನು ಇನ್ನೊಬ್ಬರು ಕೇಳಿದರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹೋದರು. ಇಷ್ಟೇ ನಡೆದದ್ದು. ಇಷ್ಟರಲ್ಲಿ ನನ್ನ ಪ್ರಬಂಧದ ಮೂರನೇ ಅಧ್ಯಾಯ ಬಿದ್ದುಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಇಂಥ ಕೂಟಕ್ಕೆ ಮುಖ್ಯವಾಗಿ ಬೇಕಾದದ್ದು ಸದ್ದಿಲ್ಲದ ಒಂದು ಕೋಣೆ. ನಮ್ಮ ಊರುಗಳಲ್ಲಿ ದುಡ್ಡು ಕೊಟ್ಟರೂ ಸಿಗದ ವಸ್ತು ಅದು. ಕಾಫಿ ಅಂಗಡಿಯಲ್ಲಿ ಮಿಕ್ಸಿ ಓಡುತ್ತದೆ. ಬಾಡಿಗೆಗೆ ಕೇಳಿದ ಒಂದು ಹಾಲ್‌ನ ಪಕ್ಕದಲ್ಲೇ ಗ್ರಿಲ್ ವೆಲ್ಡಿಂಗ್. ಹಿಂಬದಿ ತೆರೆದಿರುವ ಹೆಡ್‌ಫೋನುಗಳು ಒಳಗಿನ ಸದ್ದನ್ನು ಹೊರಗೂ ಹೊರಗಿನ ಸದ್ದನ್ನು ಒಳಗೂ ಬಿಡುತ್ತವೆ. ಸೆನ್‌ಹೈಸರ್ ಕಂಪನಿ 1968ರಲ್ಲಿ ತಂದ ಎಚ್‌ಡಿ 414ರ ಸಂತತಿ ಅವು. ಅವುಗಳಲ್ಲಿ ಫ್ಯಾನು ತಿರುಗುವುದೂ ಕೇಳುತ್ತದೆ. ಹಾಗಾಗಿ ಫ್ಯಾನ್ ಆರಿಸಿ, ಕಿಟಕಿ ಹಾಕಿ, ಬೆವರುತ್ತ ಕೂತೆವು. ಕಿವಿಯೊಳಗೆ ಇಡುವಂಥವನ್ನು ಒಬ್ಬರಿಂದ ಒಬ್ಬರಿಗೆ ಕೊಡುವಾಗ ಒರೆಸಲು ಸ್ಪಿರಿಟ್ಟು, ಹತ್ತಿ. ನಾಲ್ಕು ಎಕ್ಸ್‌ಟೆನ್ಷನ್ ಬಾಕ್ಸು. ಒಳಕೋಣೆಯಲ್ಲಿ ಮಾತಾಡಬಾರದು, ಯಾರೂ ಏನನ್ನೂ ಮಾರಬಾರದು ಎಂಬ ಎರಡು ಕಟ್ಟಳೆ. ಎರಡನೆಯದನ್ನು ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುರಿದ. ಮೆಟ್ಟಿಲ ಮೇಲೆ ನಿಂತು ಮುರಿದದ್ದರಿಂದ ಮಾಫಿ.

ಪ್ರಾಧ್ಯಾಪಕರ ತಕರಾರಿಗೆ ಬರುತ್ತೇನೆ. ಇದು ಕೊಳ್ಳುಬಾಕತನ, ಸಾಹಿತ್ಯದ ವಿದ್ಯಾರ್ಥಿನಿಗೆ ಇದೇಕೆ ಎನ್ನುವುದು ಅವರ ಮಾತಿನ ಸಾರ. ಅರ್ಧ ನಿಜ. ಈ ಹುಚ್ಚಿನ ಲೋಕವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಲಕ್ಷ ರೂಪಾಯಿಯ ಹೆಡ್‌ಫೋನಿನಲ್ಲಿ ಜನ ಕೇಳುವುದು ಅದೇ ಹತ್ತು ಹಾಡು. ಈಗಲ್ಸ್ ತಂಡದವರು 1994ರಲ್ಲಿ ಸಭಿಕರ ಮುಂದೆ ನುಡಿಸಿದ 'ಹೋಟೆಲ್ ಕ್ಯಾಲಿಫೋರ್ನಿಯಾ'ದ ಮೊದಲ ಒಂದೂವರೆ ನಿಮಿಷ ಕೇಳುತ್ತಾರೆ. ಡೋಲಿನ ಪೆಟ್ಟು ಬಂದ ಮೇಲೆ, ಹಾಡು ಶುರುವಾಗುವ ಮೊದಲೇ, ನಿಲ್ಲಿಸುತ್ತಾರೆ. ಆಮೇಲೆ ಇನ್ನೊಂದು ಹೆಡ್‌ಫೋನಿನಲ್ಲಿ ಮತ್ತೆ ಅದೇ ಒಂದೂವರೆ ನಿಮಿಷ. ಹಾಡು ಅವರಿಗೆ ತಕ್ಕಡಿಯ ಬಟ್ಟು. ಬೆಂಗಳೂರಿನ ಇಂಥದೇ ಕೂಟವೊಂದಕ್ಕೆ ನಾನು ಮೊದಲ ಸಲ ಹೋದಾಗ "ಯಾರ ಜೊತೆ ಬಂದ್ರಿ?" ಎಂದು ಇಬ್ಬರು ಕೇಳಿದರು. ಗಂಡನನ್ನೋ ಅಣ್ಣನನ್ನೋ ಕಾಯುತ್ತ ಕೂತಿದ್ದೇನೆ ಅಂದುಕೊಂಡಿದ್ದರು. ನಮ್ಮ ಮಹಡಿಯ ಹದಿನಾಲ್ಕರಲ್ಲೂ ಹೆಂಗಸರು ನಾನು, ನನ್ನ ಗೆಳತಿ ಇಬ್ಬರೇ.

ದುಡ್ಡಿನ ಮಾತಂತೂ ಇದ್ದೇ ಇದೆ. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯ ಪಕ್ಕ ಇಟ್ಟು ನೋಡಿ, ತಗ್ಗು ಸ್ವರದಿಂದ ತಾರಸ್ವರದವರೆಗೆ ಅವು ಸದ್ದನ್ನು ಕೊಡುವ ರೀತಿಗೂ ಬೆಲೆಗೂ ಸಂಬಂಧವೇ ಕಾಣುತ್ತಿಲ್ಲ ಎಂದು ಬರೆದ. ಈ ಮಾತನ್ನು ಕೂಟಗಳಲ್ಲಿ ಎತ್ತಿದರೆ ಕೆಲವರು ಮುಖ ತಿರುಗಿಸುತ್ತಾರೆ. ನಾವು ಒಂದು ಸಣ್ಣ ಪರೀಕ್ಷೆ ಮಾಡಿದೆವು. ನಲವತ್ತು ಸಾವಿರದ ಒಂದು ಆಂಪ್ಲಿಫೈಯರ್, ಸಾವಿರ ರೂಪಾಯಿ ಒಳಗಿನ ಒಂದು ಡಾಂಗಲ್, ಎರಡನ್ನೂ ಟವೆಲ್ಲಿನ ಹಿಂದೆ ಇಟ್ಟು, ಮಲ್ಟಿಮೀಟರಿನಲ್ಲಿ ಅಳೆದು ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದೆವು. ಇದು ಮುಖ್ಯ. ಕೂದಲೆಳೆಯಷ್ಟು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಬೆಳಗ್ಗೆಯಿಂದ ಆಂಪ್ಲಿಫೈಯರಿನ ಗುಣಗಾನ ಮಾಡುತ್ತಿದ್ದ ಅದರ ಒಡೆಯನಿಗೇ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಪಾಪ, ಅವನು ನಕ್ಕುಬಿಟ್ಟ. ತಾನು ಹೇಳಿದ್ದು ತಪ್ಪು ಎಂದು ಗೊತ್ತಾದಾಗ ಹಾಗೆ ನಗುವವರನ್ನು ನಾನು ವಿಚಾರ ಸಂಕಿರಣಗಳಲ್ಲಿ ಹೆಚ್ಚು ನೋಡಿಲ್ಲ.

ಹೀಗೆ ಅವರ ಕಡೆಯ ರೋಗ ನನಗೆ ಗೊತ್ತಿದೆ. ಆದರೂ ಅವರನ್ನು ಕರೆದೆ, ಯಾಕೆಂದರೆ ನನಗೆ ಕಿವಿಗಳು ಬೇಕಿದ್ದವು.

ನನ್ನ ಸಂಶೋಧನೆ ನೀಲಗಾರರ ಹಾಡಿಕೆಯ ಮೇಲೆ. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಯಲ್ಲಿ ತಂಬೂರಿ, ತಾಳ, ಗಗ್ಗರ ಹಿಡಿದು ಮಂಟೇಸ್ವಾಮಿಯ ಕತೆಯನ್ನು ರಾತ್ರಿಯೆಲ್ಲ ಹಾಡುವವರು ಅವರು. ಎರಡು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ನನಗೊಂದು ಬಟ್ಟೆ ಚೀಲ ಕೊಟ್ಟರು. ಒಳಗೆ ನಲವತ್ತೊಂದು ಕ್ಯಾಸೆಟ್ಟು, ಮೂರು ನೋಟ್‌ಬುಕ್ಕು. ಎಂಬತ್ತರ ದಶಕದ ಕೊನೆಯಲ್ಲಿ ಸೈಕಲ್ಲಿನ ಹಿಂದೆ ಟೇಪ್‌ರೆಕಾರ್ಡರ್ ಕಟ್ಟಿಕೊಂಡು ಹೋಗಿ ತುಂಬಿಸಿಕೊಂಡು ಬಂದದ್ದು. ನೋಟ್‌ಬುಕ್ಕಿನಲ್ಲಿ ಅದರ ಬರಹರೂಪ, ದುಂಡಗೆ, ಕಾಟು ಚಿತ್ತಿಲ್ಲದೆ. "ಕ್ಯಾಸೆಟ್ ಈಗ ಕೇಳ್ಸಲ್ಲ ಕಣಮ್ಮ, ಎಲ್ಲಾ ಮಂಕಾಗೋಗವೆ, ಪುಸ್ತಕ ನೋಡ್ಕೊ" ಅಂದರು. ನಾನೂ ಪುಸ್ತಕ ನೋಡಿಕೊಂಡೆ. ನೋಡಿಕೊಂಡು ಮೂರನೇ ಅಧ್ಯಾಯ ಬರೆದೆ. ಈ ಹಾಡಿಕೆಯಲ್ಲಿ ಹಾಡುವವರು ಗಂಡಸರು, ಸುತ್ತ ಕೂತ ಹೆಂಗಸರು ಭಕ್ತಿಯ ಕೇಳುಗರು, ಪಠ್ಯದ ರಚನೆಯಲ್ಲಿ ಅವರ ಪಾತ್ರ ಕಾಣುವುದಿಲ್ಲ ಎಂದು ಬರೆದೆ. ಗೈಡ್ ಮೆಚ್ಚಿದರು.

ಕೂಟಕ್ಕೆ ಬಂದವರಲ್ಲಿ ಹಳೇ ಡೆಕ್ಕುಗಳನ್ನು ರಿಪೇರಿ ಮಾಡುವ ಒಬ್ಬರು ಇದ್ದರು. ಅವರಿಗೆ ಚೀಲ ತೋರಿಸಿದೆ. ಮೊದಲ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, "ಇದರ ಪ್ಯಾಡೇ ಉದುರಿಹೋಗಿದೆಯಲ್ಲ ಮೇಡಂ" ಅಂದರು. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಕಿರುಬೆರಳ ಉಗುರಿನಷ್ಟು ಉಣ್ಣೆಯ ತುಂಡು ಅದು. ಅಂಟು ಒಣಗಿ ಬಿದ್ದುಹೋದರೆ ಟೇಪು ಹೆಡ್ಡಿಗೆ ತಾಗುವುದಿಲ್ಲ, ಸದ್ದು ಕಂಬಳಿ ಹೊದ್ದುಕೊಳ್ಳುತ್ತದೆ. ಇನ್ನೊಂದು ಕ್ಯಾಸೆಟ್ಟಿನಿಂದ ಕಿತ್ತು ಅಂಟಿಸಿದರು. ಆಮೇಲೆ ಡೆಕ್ಕಿನ ಬಾಗಿಲ ಪಟ್ಟಿ ತೆಗೆದು, ಹೆಡ್ಡಿನ ಪಕ್ಕದ ಸಣ್ಣ ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟು, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಒಂಚೂರು ವಾಲಿಕೊಂಡಿದ್ದರೆ ಕೇಳಿಸುವ ಯಂತ್ರದ ಹೆಡ್ಡನ್ನೂ ಅಷ್ಟೇ ವಾಲಿಸಬೇಕು, ಇಲ್ಲದಿದ್ದರೆ ಮೇಲಿನ ಸ್ವರಗಳೆಲ್ಲ ಸಾಯುತ್ತವೆ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದರು. ನನ್ನ ಕಿವಿಯಲ್ಲಿ ತಾಳದ ಕಂಚು ಹೊಳೆಯಿತು. ಸಕಾರ ಶಕಾರ ಬೇರೆಬೇರೆಯಾದವು. ಹಾಡುವವರು ಉಸಿರು ತೆಗೆದುಕೊಳ್ಳುವುದು ಕೇಳಿತು. ಮಂಕಾಗಿದ್ದು ಕ್ಯಾಸೆಟ್ಟು ಅಂದುಕೊಂಡಿದ್ದೆವು!

ಒಬ್ಬೊಬ್ಬರಾಗಿ ಎಲ್ಲರೂ ಕೇಳಿದರು. ಹೋಟೆಲ್ ಕ್ಯಾಲಿಫೋರ್ನಿಯಾದ ಒಂದೂವರೆ ನಿಮಿಷ ದಾಟದ ಅದೇ ಜನ ಒಂದೊಂದು ಕಡೆಯನ್ನು ಪೂರ್ತಿ ನಲವತ್ತೈದು ನಿಮಿಷ ಕೇಳಿದರು. ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ, ಸಾಫ್ಟ್‌ವೇರಿನವನು, ಮನೆಮಾತು ತೆಲುಗು, ಕತೆಯ ತಲೆಬುಡ ಅವನಿಗೆ ಗೊತ್ತಿಲ್ಲ. ಹೆಡ್‌ಫೋನ್ ತೆಗೆದು ಕೇಳಿದ: "ಅಕ್ಕ, ದೂರದಲ್ಲಿ ಒಬ್ಬ ಹೆಂಗಸು ಅವರಿಗೆ ಹೇಳಿಕೊಡ್ತಾ ಇದಾರಲ್ಲ, ಯಾರದು?"

ಯಾವ ಹೆಂಗಸು?

ಮತ್ತೆ ಹಾಕಿದೆವು. ಹಾಡುತ್ತಿದ್ದವರು ಒಂದು ಕಡೆ ತಡೆಯುತ್ತಾರೆ. ಆ ಕಾಲದ ಟೇಪ್‌ರೆಕಾರ್ಡರುಗಳಲ್ಲಿ ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಏರ್ಪಾಡು ಇರುತ್ತಿತ್ತು. ಹತ್ತಿರದ ದನಿ ನಿಂತ ಕೂಡಲೇ ಯಂತ್ರ ತನ್ನ ಕಿವಿಯನ್ನು ಹಿಗ್ಗಿಸಿಕೊಂಡು ದೂರದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಹೆಡ್‌ಫೋನ್ ಮಂದಿ ಇದನ್ನು ದೋಷ ಅನ್ನುತ್ತಾರೆ, ಅವರ ಭಾಷೆಯಲ್ಲಿ ಪಂಪಿಂಗ್. ಆ ದೋಷದ ಒಳಗಿಂದ, ನಾಯಿ ಬೊಗಳುವುದು, ಮಗು ಅಳುವುದು ಇವುಗಳ ನಡುವೆ, ವಯಸ್ಸಾದ ಹೆಂಗಸೊಬ್ಬರ ದನಿ ಮೇಲೆದ್ದು ಬಂತು. ಹಾಡುಗಾರ ಹೇಳಿದ್ದು ಹಾಗಲ್ಲ, ಹೀಗೆ ಎಂದು ಒಂದು ಸಾಲನ್ನು ಹೇಳುತ್ತಾರೆ. ಹಾಡುಗಾರ "ಹೂಂ ಕಣವ್ವ" ಅಂದು ಅವರು ಹೇಳಿದ ಹಾಗೇ ಹಾಡಿ ಮುಂದೆ ಹೋಗುತ್ತಾನೆ. ಆ ಒಂದು ಕಡೆಯಲ್ಲೇ ಹೀಗೆ ಮೂರು ಸಲ.

ನೋಟ್‌ಬುಕ್ಕು ತೆಗೆದು ನೋಡಿದೆ. ಆ ಸಾಲುಗಳಿವೆ, ಹಾಡುಗಾರನ ಹೆಸರಿನ ಕೆಳಗೆ. ತಡೆದದ್ದಿಲ್ಲ, ಅವ್ವ ಇಲ್ಲ, "ಹೂಂ ಕಣವ್ವ" ಇಲ್ಲ. ನನ್ನ ಮೂರನೇ ಅಧ್ಯಾಯ ಆ ಕಾಟು ಚಿತ್ತಿಲ್ಲದ ದುಂಡಗಿನ ಅಕ್ಷರದ ಮೇಲೆ ಕೂತಿತ್ತು.

ಮೇಷ್ಟ್ರನ್ನು ದೂರುವುದಿಲ್ಲ. ಅವರು ಸ್ವಂತ ಸಂಬಳದಲ್ಲಿ ಟೇಪು ಕೊಂಡವರು. ಟೇಪು ದುಬಾರಿ ಎಂದು, ಬರೆದುಕೊಂಡ ಮೇಲೆ ಅದರ ಮೇಲೇ ಇನ್ನೊಂದನ್ನು ತುಂಬಿಸಿದವರೂ ಉಂಟು; ಇವರು ಹಾಗೆ ಮಾಡದೆ ಮೂವತ್ತು ಚಿಲ್ಲರೆ ವರ್ಷ ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಆ ತಲೆಮಾರು ಬರೆಯದೇ ಹೋಗಿದ್ದರೆ ನಮಗೆ ಏನೂ ಸಿಗುತ್ತಿರಲಿಲ್ಲ. ನನ್ನ ಜಗಳ ಆಮೇಲೆ ಬಂದ ನಮ್ಮ ಜೊತೆ. ಮೌಖಿಕ, ಮೌಖಿಕ ಎಂದು ಉಸಿರಿಗೊಂದು ಸಲ ಅನ್ನುತ್ತೇವೆ. ಅದರ ಮೇಲೆ ಅಧ್ಯಯನ ಪೀಠ, ಪ್ರಶ್ನೆಪತ್ರಿಕೆ, ನೆಟ್ ಪರೀಕ್ಷೆ. ನಮ್ಮಲ್ಲಿ ಎಷ್ಟು ಜನ ಮೂಲ ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇವೆ? ಪ್ರಬಂಧವನ್ನು ಕೃತಿಚೌರ್ಯದ ತಂತ್ರಾಂಶಕ್ಕೆ ಹಾಕಿ ಶೇಕಡಾ ಎಷ್ಟು ಎಂದು ನೋಡುತ್ತಾರೆ. ಧ್ವನಿಮುದ್ರಣ ಎಲ್ಲಮ್ಮ ಎಂದು ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿಲ್ಲ. ಹಿಮ್ಮೇಳದವರು ಸಾವಿರ ಸಲ ಎತ್ತುವ ಸೊಲ್ಲನ್ನು ಪುಸ್ತಕದಲ್ಲಿ ಮೊದಲು ಒಂದೆರಡು ಸಲ ಅಚ್ಚು ಮಾಡಿ ಆಮೇಲೆ ಬಿಡುತ್ತೇವೆ, ಕಾಗದ ಉಳಿಯಲಿ ಎಂದು. ಆ ಸೊಲ್ಲಿನ ಹೊತ್ತಿನಲ್ಲೇ ಹಾಡುಗಾರ ಮುಂದಿನ ಸಾಲನ್ನು ಹುಡುಕಿಕೊಳ್ಳುವುದು. ಕಾವ್ಯ ಹುಟ್ಟುವ ಜಾಗವನ್ನೇ ಬಿಟ್ಟು ಕಾವ್ಯವನ್ನು ಸಂಪಾದಿಸುತ್ತೇವೆ.

ನನ್ನನ್ನು ಅಂಗಡಿಯವಳು ಎಂದು ಕರೆದ ಆ ಸಂಕಿರಣದಲ್ಲೇ ಬೆಳಗ್ಗೆ ಒಬ್ಬ ನೀಲಗಾರರನ್ನು ಕರೆಸಿದ್ದರು. ಪ್ರಾರ್ಥನೆಗೆ. ಐದು ನಿಮಿಷ. ಮೈಕು ಕುಯ್ಯೋ ಎಂದು ಅರಚುತ್ತಿತ್ತು. ತಂಬೂರಿಯ ಸದ್ದು ನನಗೆ ಮೂರನೇ ಸಾಲಿನಲ್ಲೂ ಕೇಳಲಿಲ್ಲ, ವೇದಿಕೆಯ ಮೇಲಿದ್ದವರು ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡುತ್ತಿದ್ದರು. ಶಾಲು ಹೊದಿಸಿ ಕಳಿಸಿದ ಮೇಲೆ ಮೌಖಿಕ ಪರಂಪರೆಯ ಅನನ್ಯತೆಯ ಬಗ್ಗೆ ಐವತ್ತು ನಿಮಿಷ ಆಶಯ ಭಾಷಣ. ನಮ್ಮ ಮಹಡಿಯಲ್ಲಿ ಫ್ಯಾನ್ ಆರಿಸಿಕೊಂಡು ಬೆವರುತ್ತ ಕೂತವರು ಕೊಳ್ಳುಬಾಕರು, ಇವರು ಸಂಸ್ಕೃತಿ ಚಿಂತಕರು.

ಪ್ರಾಧ್ಯಾಪಕರಿಗೆ ಅವ್ವನ ವಿಷಯವನ್ನು ಆಮೇಲೊಂದು ದಿನ ಹೇಳಿದೆ. "ಅದು ಗದ್ದಲ ಅಮ್ಮ. ಪಠ್ಯ ಮುಖ್ಯ" ಅಂದರು. ಸರ್, ಯಾವುದು ಗದ್ದಲ ಎಂದು ನಿರ್ಧರಿಸಿದವರು ಯಾರು? ಬರೆದುಕೊಳ್ಳುವವರು ನಿರ್ಧರಿಸಿದರು. ಅವರು ಗಂಡಸರಾಗಿದ್ದರು, ಓದಿದವರಾಗಿದ್ದರು, ಮೈಕಿನ ಎದುರು ಕೂತವನೇ ಕವಿ ಎಂದು ನಂಬಿದ್ದರು. ಮೈಕಿನಿಂದ ಹದಿನೈದು ಅಡಿ ದೂರ ಕೂತವರು ಗದ್ದಲವಾದರು. ನಾನು ಹೆಣ್ಣಾಗಿದ್ದೂ ಅದನ್ನೇ ಒಪ್ಪಿ ಬರೆದೆ. ಆ ಅವ್ವನ ಹೆಸರು ಮೇಷ್ಟ್ರಿಗೂ ನೆನಪಿಲ್ಲ. ಊರಿಗೆ ಹೋಗಿ ಕೇಳಿದೆ. ಇಬ್ಬರು ಇಬ್ಬರ ಹೆಸರು ಹೇಳಿದರು, ಇಬ್ಬರೂ ತೀರಿಕೊಂಡಿದ್ದಾರೆ.

ಹೆಡ್‌ಫೋನಿನವರಿಗೂ ಒಂದು ಮಾತು ಇದೆ. ನಿಮ್ಮ ಆ ಕಿವಿ, ಆ ತಿರುಪು ತಿರುಗಿಸುವ ಕೈ, ಸುಮ್ಮನೆ ಕೂರಬಲ್ಲ ಆ ತಾಳ್ಮೆ, ಇವನ್ನೆಲ್ಲ ಇನ್ನೊಂದು ಕೇಬಲ್ಲಿನ ವ್ಯತ್ಯಾಸ ಹುಡುಕುವುದಕ್ಕೆ ಸುರಿಯುತ್ತೀರಲ್ಲ, ಸಂಕಟವಾಗುತ್ತದೆ. ನಿಮ್ಮ ಊರಿನಲ್ಲೇ ಯಾರದೋ ಬೀರುವಿನಲ್ಲಿ ಪ್ಯಾಡು ಉದುರಿದ ಕ್ಯಾಸೆಟ್ಟು ಇರುತ್ತದೆ. ಫಿಲಿಪ್ಸ್‌ನವರು 1963ರಲ್ಲಿ ತಂದ ಆ ಡಬ್ಬಿ ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ನಲವತ್ತೊಂದರಲ್ಲಿ ಇಲ್ಲಿಯವರೆಗೆ ಒಂಬತ್ತು ಆಗಿದೆ. ಹತ್ತನೆಯದಕ್ಕೆ ಡೆಕ್ಕಿನ ಬೆಲ್ಟು ಹೋಯಿತು, ಹೊಸದು ಬರಬೇಕು. ಮೂರನೇ ಅಧ್ಯಾಯ ಮತ್ತೆ ಬರೆಯುತ್ತಿದ್ದೇನೆ, ಗೈಡ್ ಗಡುವಿನ ಬಗ್ಗೆ ಜ್ಞಾಪಿಸುತ್ತಿದ್ದಾರೆ. ಮುಂದಿನ ಕೂಟ ಮಾಗಿಯಲ್ಲಿ, ಅದೇ ಮಹಡಿ. ಚಳಿಗಾಲವಾದ್ದರಿಂದ ಫ್ಯಾನಿನ ತೊಂದರೆ ಇಲ್ಲ. ಹೆಡ್‌ಫೋನ್ ತರುವವರು ಜೊತೆಗೆ ಮನೆಯ ಅಟ್ಟದಿಂದ ಒಂದು ಕ್ಯಾಸೆಟ್ ತರಬೇಕೆಂಬುದು ಹೊಸ ಕಟ್ಟಳೆ. ತರುವ ಮೊದಲು ಸಿಕ್ಕ ಟೇಪ್‌ರೆಕಾರ್ಡರಿಗೆ ಹಾಕಿ ನೋಡಬೇಡಿ, ಸುತ್ತಿಕೊಂಡರೆ ಮುಗಿಯಿತು. ಹಾಗೇ ತನ್ನಿ. ಪ್ರಾಧ್ಯಾಪಕರೂ ಬರಬಹುದು, ಉಪ್ಪಿಟ್ಟು ನಮ್ಮದು.