ಅಳಿಸಿದ್ದು ಯಾರಪ್ಪನ ಮನೆ ಗಂಟು?

2001ರ ಜುಲೈನಲ್ಲಿ ಲಖನೌ ಪೊಲೀಸರು ಭರೋಸಾ ಟ್ರಸ್ಟ್ ಮತ್ತು ನಾಜ್ ಫೌಂಡೇಶನ್ ಇಂಟರ್‌ನ್ಯಾಷನಲ್ ಎಂಬ ಎರಡು ಸಂಸ್ಥೆಗಳ ಕಚೇರಿಗೆ ನುಗ್ಗಿದರು. ಗಂಡಸರೊಂದಿಗೆ ಸಂಬಂಧ ಇಟ್ಟುಕೊಂಡ ಗಂಡಸರಿಗೆ ಕಾಂಡೋಮ್ ಹಂಚುವುದು, ಏಡ್ಸ್ ಬಗ್ಗೆ ತಿಳಿಹೇಳುವುದು, ಇಷ್ಟೇ ಅಲ್ಲಿ ನಡೆಯುತ್ತಿದ್ದ ಕೆಲಸ. ಪೊಲೀಸರು ಅಲ್ಲಿದ್ದ ತಿಳಿವಳಿಕೆ ಸಾಮಗ್ರಿಯನ್ನು ಅಶ್ಲೀಲ ಎಂದು ಹೊತ್ತೊಯ್ದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಹಾಕಿದರು. ಕಾರ್ಯಕರ್ತರು 47 ದಿನ ಜೈಲಿನಲ್ಲಿ ಕೊಳೆತರು. ಜೀವ ಉಳಿಸಲು ಹೋದವರಿಗೆ ಈ ದೇಶ ಕೊಟ್ಟ ಬಹುಮಾನ ಅದು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ರ ಹಲ್ಲು ಕಿತ್ತಿತು. ಕರಪತ್ರ ಕಾಗದ ಬಿಟ್ಟು ಫೋನಿಗೆ ಬಂತು. ಹೊತ್ತೊಯ್ಯುವುದು ಮಾತ್ರ ನಿಂತಿಲ್ಲ. ಈಗ ಜೀಪು ಬರುವುದಿಲ್ಲ, ಬೂಟಿನ ಸದ್ದಿಲ್ಲ. ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಯಂತ್ರ, ಬೀಜಿಂಗ್‌ನ ಒಂದು ಇಲಾಖೆ, ವಾಷಿಂಗ್ಟನ್‌ನ ಒಂದು ಸಹಿ ಸಾಕು. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ್ದು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಹಾಗೆ ಅಳಿಸಿದವರಿಗೆ ತಾವು ಏನು ಅಳಿಸಿದೆವೆಂಬ ಅರಿವೂ ಇರುವುದಿಲ್ಲ. ನನಗೆ ಮೈ ಉರಿಯುವುದು ಇದಕ್ಕೇ. ದ್ವೇಷದಿಂದ ಒಡೆಯುವವನ ಎದುರು ನಿಂತು ಜಗಳವಾಡಬಹುದು. ಏನು ಒಡೆದೆನೆಂದು ಕಣ್ಣೆತ್ತಿಯೂ ನೋಡದವನ ಜೊತೆ ಯಾವ ಭಾಷೆಯಲ್ಲಿ ಜಗಳವಾಡುವುದು?

ಏನು ಒಡೆದುಹೋಗುತ್ತಿದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಒಂದು ಕಾಲಕ್ಕೆ ಏಡ್ಸ್ ತಡೆಯುವ ಈ ಕೆಲಸವೆಲ್ಲ ಬಯಲಲ್ಲೇ ನಡೆಯುತ್ತಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕು, ಮೆಜೆಸ್ಟಿಕ್ಕಿನ ಸುತ್ತಮುತ್ತ, ಜಿಲ್ಲಾ ಊರುಗಳ ಬಸ್ ನಿಲ್ದಾಣದ ಹಿಂಭಾಗ. ಯೋಜನೆಯ ಭಾಷೆಯಲ್ಲಿ ಇವು ಹಾಟ್‌ಸ್ಪಾಟುಗಳು. ಸಂಜೆಯಾದರೆ ಹೆಗಲಿಗೆ ಚೀಲ ಹಾಕಿಕೊಂಡ ಪಿಯರ್ ಎಜುಕೇಟರ್ ಅಲ್ಲಿಗೆ ಹೋಗುತ್ತಿದ್ದ. ಅವನೂ ಅದೇ ಸಮುದಾಯದವನು, ಅವರ ಮಾತಿನಲ್ಲಿ ಹೇಳುವುದಾದರೆ ಕೋತಿಯೋ ಡಬಲ್ ಡೆಕ್ಕರೋ ಆಗಿದ್ದವನು. ಅಲ್ಲಿಯ ಸನ್ನೆ, ಭಯ, ನಗೆ ಎಲ್ಲ ಗೊತ್ತಿದ್ದವನು. ನಿರೋಧ್ ಕೊಡುತ್ತಿದ್ದ, ಲೂಬ್ ಕೊಡುತ್ತಿದ್ದ, ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರ ಐಸಿಟಿಸಿಗೆ ಕೈಹಿಡಿದು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸುತ್ತಿದ್ದ. ಪೊಲೀಸರ ಲಾಠಿ ಏಟನ್ನೂ ಅವನೇ ತಿನ್ನುತ್ತಿದ್ದ. 2003ರಲ್ಲಿ ಶುರುವಾದ ಗೇಟ್ಸ್ ಫೌಂಡೇಶನ್ನಿನ ಆವಾಹನ್ ಯೋಜನೆ ಕರ್ನಾಟಕದಲ್ಲೂ ಇಂಥ ಕೆಲಸಕ್ಕೆ ಹಣ ಕೊಟ್ಟಿತು. ನಂತರ ಅದು ಸರ್ಕಾರದ ಕೈಗೆ ಬಂತು.

ಆಮೇಲೆ ಫೋನು ಬಂತು. ಪಾರ್ಕಿಗೆ ಬರುತ್ತಿದ್ದವರು ಕಡಿಮೆಯಾದರು. ಪಾರ್ಕಿಗೆ ಎಂದೂ ಬರಲಾರದಿದ್ದವರು ಗ್ರೈಂಡರ್, ಪ್ಲಾನೆಟ್ ರೋಮಿಯೋ ಎಂಬ ಡೇಟಿಂಗ್ ಆ್ಯಪ್‌ಗಳಲ್ಲಿ, ಫೇಸ್‌ಬುಕ್ಕಿನ ಸುಳ್ಳು ಹೆಸರಿನ ಖಾತೆಗಳಲ್ಲಿ ಕಾಣಿಸಿಕೊಂಡರು. ಹಾವೇರಿಯ ಗೊಬ್ಬರದಂಗಡಿಯ ಹುಡುಗ, ಕಲಬುರಗಿಯ ಇಂಜಿನಿಯರಿಂಗ್ ವಿದ್ಯಾರ್ಥಿ, ಎರಡು ಮಕ್ಕಳ ತಂದೆಯಾದ ಮೇಷ್ಟ್ರು, ಇಂಥವರು. ಯಾರ ಪಟ್ಟಿಯಲ್ಲೂ ಇವರ ಹೆಸರಿಲ್ಲ. ಯಾವ ಸಂಸ್ಥೆಯ ಮೆಟ್ಟಿಲನ್ನೂ ಇವರು ಹತ್ತುವುದಿಲ್ಲ. ಇವರನ್ನು ಮುಟ್ಟಲು ಇದ್ದ ದಾರಿ ಒಂದೇ, ಆ ಐದಿಂಚಿನ ಪರದೆ. ಹೀಗಾಗಿ ಪಿಯರ್ ಎಜುಕೇಟರನೂ ಚೀಲ ಕೆಳಗಿಟ್ಟು ಫೋನು ಹಿಡಿದ.

ರಾತ್ರಿ ಹನ್ನೊಂದರ ಮೇಲೆ ಬರುವ ಪ್ರಶ್ನೆಗಳನ್ನು ಒಮ್ಮೆ ಕೇಳಬೇಕು. 'ಅಣ್ಣಾ, ಕಾಂಡೋಮ್ ಹರಿದೋಯ್ತು, ಏನ್ ಮಾಡ್ಲಿ?' 'ಅಲ್ಲಿ ಹುಣ್ಣಾಗಿದೆ, ನೋವಿಲ್ಲ, ಬಿಟ್ರೆ ಹೋಗುತ್ತಾ?' 'ಮುಂದಿನ ತಿಂಗ್ಳು ನನ್ ಮದುವೆ, ಟೆಸ್ಟ್ ಮಾಡಿಸ್ಬೇಕು, ನಮ್ಮೂರಲ್ಲಿ ಬೇಡ.' ಒಂದೊಂದರ ಹಿಂದೆಯೂ ಗಡಿಯಾರ ಓಡುತ್ತಿರುತ್ತದೆ. ಕಾಂಡೋಮ್ ಹರಿದಿದ್ದರೆ 72 ಗಂಟೆಯೊಳಗೆ ಎಚ್‌ಐವಿ ತಗಲದಂತೆ ತಡೆಯುವ ಪೆಪ್ ಔಷಧಿ ಶುರುಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಮೇಲೆ 28 ದಿನ ತಪ್ಪದೆ ನುಂಗಬೇಕು. ನೋವಿಲ್ಲದ ಆ ಹುಣ್ಣು ಸಿಫಿಲಿಸ್ ಇರಬಹುದು. ಬಿಟ್ಟರೆ ಅದು ಮೇಲೆ ಮಾಯುತ್ತದೆ, ರೋಗ ಮಾತ್ರ ಒಳಗೆ ಬೆಳೆಯುತ್ತದೆ. ಬೇಗ ಹೋದರೆ ಪೆನಿಸಿಲಿನ್ ಒಂದೇ ಚುಚ್ಚುಮದ್ದಿಗೆ ಬಗ್ಗುತ್ತದೆ. ಮದುವೆಯ ಹುಡುಗನಿಗೆ ಸಿಗುವ ಉತ್ತರದ ಮೇಲೆ ಇನ್ನೂ ಅವನ ಮುಖವನ್ನೇ ಸರಿಯಾಗಿ ನೋಡದ ಹೆಣ್ಣುಮಗಳೊಬ್ಬಳ ಆರೋಗ್ಯವೂ ನಿಂತಿದೆ.

ಇದಕ್ಕೆಲ್ಲ ಉತ್ತರಿಸುವವನು ಡಾಕ್ಟರಲ್ಲ. ಎಸೆಸೆಲ್ಸಿಯೋ ಪಿಯುಸಿಯೋ ಓದಿ, ತರಬೇತಿ ಪಡೆದು, ಸಂಬಳ ಎನ್ನಲೂ ನಾಚಿಕೆಯಾಗುವಷ್ಟು ದುಡ್ಡಿಗೆ ದುಡಿಯುವವನು. ಅವನ ಬಳಿ ಇರುವುದು ನಂಬಿಕೆ. 'ಈ ಅಣ್ಣ ಬಯ್ಯಲ್ಲ, ಬಾಯಿಬಿಡಲ್ಲ' ಎಂಬ ಆ ನಂಬಿಕೆಯನ್ನು ಯಾವ ಇಲಾಖೆಯೂ ಟೆಂಡರ್ ಕರೆದು ಕೊಳ್ಳಲಾಗದು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದವನಿಂದ ಸಂಭೋಗದಲ್ಲಿ ಎಚ್‌ಐವಿ ಹರಡುವುದಿಲ್ಲ, ಸೋಂಕಿಗೆ ಮೊದಲೇ ನುಂಗುವ ಪ್ರೆಪ್ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ ಸಂಭೋಗದಿಂದ ಎಚ್‌ಐವಿ ತಗಲುವ ಅಪಾಯ ಸುಮಾರು 99% ತಪ್ಪುತ್ತದೆ. ಈ ಎರಡು ಮಾತನ್ನು ಕನ್ನಡದಲ್ಲಿ, ಹೆದರಿದ ಹುಡುಗನಿಗೆ ಅರ್ಥವಾಗುವಂತೆ ಹೇಳಿದವರು ಇವರೇ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು 0.2%. ಈ ಸಮುದಾಯದಲ್ಲಿ ಅದು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಮಾತು ತಲುಪಬೇಕಾದದ್ದು ಇಲ್ಲಿಗೇ.

ಇಂಥ ಖಾತೆ ಒಂದು ಬೆಳಿಗ್ಗೆ ಇರುವುದಿಲ್ಲ. 'ಸಮುದಾಯದ ನಿಯಮ ಉಲ್ಲಂಘನೆ' ಎಂಬ ಒಂದು ಸಾಲು ಬಂದಿರುತ್ತದೆ. ಕಾಂಡೋಮ್ ಹಾಕುವ ವಿಧಾನದ ಚಿತ್ರ ಹಾಕಿದ್ದಕ್ಕೋ, ಗುದದ್ವಾರ ಎಂಬ ಪದ ಬರೆದದ್ದಕ್ಕೋ, ಯಾರೋ ನಾಲ್ಕು ಜನ ಸೇರಿ ದೂರು ಒತ್ತಿದ್ದಕ್ಕೋ, ಕಾರಣ ತಿಳಿಯುವುದಿಲ್ಲ. ಮೇಲ್ಮನವಿ ಹಾಕಿದರೆ ಯಂತ್ರವೇ ಓದುತ್ತದೆ, ಯಂತ್ರವೇ ತಳ್ಳಿಹಾಕುತ್ತದೆ. ಪೋಸ್ಟು ಹೋದರೆ ಮತ್ತೆ ಹಾಕಬಹುದು. ಆದರೆ ಒಳಪೆಟ್ಟಿಗೆಯಲ್ಲಿದ್ದ ನೂರಾರು ಮಂದಿ? ಅವರಿಗೆ ನಿಜ ಹೆಸರಿಲ್ಲ, ನಂಬರಿಲ್ಲ, ಹುಡುಕಿಕೊಂಡು ಹೋಗಲು ವಿಳಾಸವಿಲ್ಲ. ಮರುದಿನ ಐಸಿಟಿಸಿಗೆ ಬರುತ್ತೇನೆಂದವನು ಬಾಗಿಲಲ್ಲಿ ಯಾರೂ ಇಲ್ಲವೆಂದು ತಿರುಗಿ ಹೋಗುತ್ತಾನೆ. ಅವನು ಮತ್ತೆ ಯಾರನ್ನಾದರೂ ನಂಬಲು ಎಷ್ಟು ವರ್ಷ ಬೇಕೋ!

ಇಷ್ಟು ಮಡಿವಂತಿಕೆಯ ಈ ಕಂಪನಿಗಳು ದುಡ್ಡು ಬಂದಾಗ ಎಷ್ಟು ಮಡಿಯಾಗಿದ್ದವು ನೋಡಿ. 2019ರಲ್ಲಿ ಅಮೆರಿಕದಲ್ಲಿ ವಕೀಲರ ಕಂಪನಿಗಳು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಟ್ಟವು. ಪ್ರೆಪ್‌ಗೆ ಬಳಸುವ ಟ್ರುವಾಡಾ ಮಾತ್ರೆ ಕಿಡ್ನಿ, ಮೂಳೆ ಕೆಡಿಸುತ್ತದೆ, ಪರಿಹಾರ ಕೇಳೋಣ ಬನ್ನಿ ಎಂದು ಹೆದರಿಸಿದವು. ಹೆದರಿದವರು ಮಾತ್ರೆ ಬಿಡುತ್ತಾರೆ, ಬಿಟ್ಟರೆ ಸೋಂಕು ತಗಲುತ್ತದೆ ಎಂದು ಸಲಿಂಗಿಗಳ ಪರ ಸಂಘಟನೆ ಗ್ಲಾಡ್ ಸೇರಿ 50ಕ್ಕೂ ಹೆಚ್ಚು ಸಂಘಟನೆಗಳು ಬಹಿರಂಗ ಪತ್ರ ಬರೆದವು. ಫೇಸ್‌ಬುಕ್ ಮೊದಲು ಒಪ್ಪಲಿಲ್ಲ. ವರ್ಷದ ಕೊನೆಗೆ ಕೆಲವನ್ನು ತೆಗೆಯಿತು. ರೋಗ ತಡೆಯುವ ಚಿತ್ರ ಇವರ ಕಣ್ಣಿಗೆ ಅಶ್ಲೀಲ. ಔಷಧಿಯಿಂದ ಓಡಿಸುವ ಸುಳ್ಳಿಗೆ ತಿಂಗಳುಗಟ್ಟಲೆ ಬಾಡಿಗೆ ಜಾಗ.

ಗ್ರೈಂಡರ್ ಮಾಡಿದ್ದನ್ನೂ ಮರೆಯಕೂಡದು. 2018ರ ಮಾರ್ಚ್ ಕೊನೆಯಲ್ಲಿ ಅದು ಎಚ್‌ಐವಿ ಪರೀಕ್ಷೆಯ ದಿನ ನೆನಪಿಸುವ ಸೌಲಭ್ಯ ಪ್ರಕಟಿಸಿತು. ನಿಜಕ್ಕೂ ಉಪಯುಕ್ತವಾದದ್ದು. ಒಂದೇ ವಾರ ಕಳೆದಿತ್ತು, ಬಳಕೆದಾರರು ನಂಬಿ ಬರೆದಿದ್ದ ಎಚ್‌ಐವಿ ಸ್ಥಿತಿಯನ್ನು ಆ್ಯಪ್ಟಿಮೈಸ್, ಲೋಕಲಿಟಿಕ್ಸ್ ಎಂಬ ಎರಡು ಹೊರಗಿನ ಕಂಪನಿಗಳಿಗೆ ರವಾನಿಸುತ್ತಿದ್ದದ್ದು ಬಯಲಾಯಿತು. ಟೀಕೆ ಎದ್ದ ಮೇಲೆ ನಿಲ್ಲಿಸಿತು. ಆದರೆ 'ನಿನ್ನ ಸ್ಥಿತಿ ಧೈರ್ಯವಾಗಿ ಹೇಳಿಕೋ, ಏನೂ ಆಗಲ್ಲ' ಎಂದು ಇಲ್ಲಿ ಹುಡುಗರಿಗೆ ಹೇಳುತ್ತಿದ್ದ ಕಾರ್ಯಕರ್ತ ಆ ವಾರ ಯಾವ ಮುಖ ಹೊತ್ತು ಅವರ ಮುಂದೆ ಕೂರಬೇಕಿತ್ತು?

ಚೀನಾದ ಕಥೆ ಇದಕ್ಕಿಂತ ಕ್ರೂರ. ಹೆಬೆಯ್ ಪ್ರಾಂತ್ಯದ ಚಿನ್ಹುವಾಂಗ್‌ದಾವೋ ಊರಿನ ಪೊಲೀಸ್ ಅಧಿಕಾರಿ ಮಾ ಬಾವೋಲಿ, ಗೆಂಗ್ ಲೆ ಎಂಬ ಹೆಸರಿನಲ್ಲಿ, 2000ನೇ ಇಸವಿಯಲ್ಲಿ ಕದ್ದುಮುಚ್ಚಿ ಡಾನ್‌ಲಾನ್ ಎಂಬ ಸಲಿಂಗಿಗಳ ಜಾಲತಾಣ ಶುರುಮಾಡಿದ. ಗುಟ್ಟು ರಟ್ಟಾಗಿ 2012ರಲ್ಲಿ ಪೊಲೀಸ್ ಕೆಲಸ ಬಿಟ್ಟ. ಬ್ಲೂಡ್ ಎಂಬ ಡೇಟಿಂಗ್ ಆ್ಯಪ್ ಕಟ್ಟಿದ. ಸಲಿಂಗಿ ಗಂಡಸರನ್ನು ಎಚ್‌ಐವಿ ಪರೀಕ್ಷೆಗೆ ಕರೆತರಲು ಅಲ್ಲಿನ ರೋಗ ನಿಯಂತ್ರಣ ಕೇಂದ್ರಗಳೇ ಇವನ ಜೊತೆ ಸೇರಿ ಕೆಲಸ ಮಾಡಿದವು. ಅದೇ 2012ರಲ್ಲಿ, ಆಗ ಉಪಪ್ರಧಾನಿಯಾಗಿದ್ದ ಲಿ ಕೆಚಿಯಾಂಗ್ ಇವನ ಕೈ ಕುಲುಕಿದ ಫೋಟೋ ಎಲ್ಲೆಡೆ ಹರಿದಾಡಿತು. ಸರ್ಕಾರಕ್ಕೆ ಕೆಲಸ ಬೇಕಿತ್ತು, ಅವರಿಂದ ಮಾಡಿಸಿಕೊಂಡಿತು. 2021ರ ಜುಲೈ 6ರ ರಾತ್ರಿ ವೀಚಾಟ್‌ನಲ್ಲಿ ವಿಶ್ವವಿದ್ಯಾಲಯಗಳ ಸಲಿಂಗಿ ವಿದ್ಯಾರ್ಥಿ ಗುಂಪುಗಳ ಖಾತೆಗಳು ಒಟ್ಟಿಗೆ ನಂದಿದವು. 2023ರ ಮೇನಲ್ಲಿ ಬೀಜಿಂಗ್ ಎಲ್‌ಜಿಬಿಟಿ ಸೆಂಟರ್ ಬಾಗಿಲು ಹಾಕಿತು. 2025ರ ನವೆಂಬರಿನಲ್ಲಿ ಸರ್ಕಾರದ ಆದೇಶವೆಂದು ಆ್ಯಪಲ್ ಕಂಪನಿ ಚೀನಾದ ತನ್ನ ಆ್ಯಪ್ ಅಂಗಡಿಯಿಂದ ಬ್ಲೂಡ್ ಅನ್ನೂ ಅದರದೇ ಬಳಗದ ಫಿಂಕಾವನ್ನೂ ಕಿತ್ತುಹಾಕಿತು. ಹೊಸದಾಗಿ ಹದಿನೆಂಟು ತುಂಬಿ, ಹಳ್ಳಿಯಿಂದ ನಗರಕ್ಕೆ ಬಂದು, ಮೊದಲ ಸಲ ತನ್ನಂಥವರನ್ನು ಹುಡುಕುವ ಹುಡುಗನಿಗೆ ಇನ್ನು ಪರೀಕ್ಷೆಯ ಜಾಗ ಯಾರು ತೋರಿಸುತ್ತಾರೆ? ಕೈ ಕುಲುಕಿದವರು ತೋರಿಸುತ್ತಾರೆಯೇ?

ಇನ್ನು ಅಮೆರಿಕ. 2025ರ ಜನವರಿ 7ರಂದು ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ ತನ್ನ ನಿಯಮ ಬದಲಿಸಿ, ಸಲಿಂಗಿಗಳನ್ನು ಮನೋರೋಗಿಗಳೆಂದು ಕರೆಯಲು ಬಾಗಿಲು ತೆರೆಯಿತು. 20ರಂದು ಟ್ರಂಪ್ ವಿದೇಶಿ ನೆರವು ತಡೆಯುವ ಆದೇಶಕ್ಕೆ ಸಹಿ ಹಾಕಿದರು. 31ರಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಜಾಲತಾಣದಿಂದ ಎಚ್‌ಐವಿ ಕುರಿತ ಪುಟಗಳೂ ಮಾಯವಾದವು. ವೈದ್ಯರೇ ನ್ಯಾಯಾಲಯಕ್ಕೆ ಹೋಗಿ, ಫೆಬ್ರವರಿ 11ರಂದು ನ್ಯಾಯಾಧೀಶರು ಹೇಳಿದ ಮೇಲೆ ಪುಟಗಳು ಮರಳಬೇಕಾಯಿತು. ಒಂದೇ ತಿಂಗಳು! ಬೈಗುಳಕ್ಕೆ ಪರವಾನಗಿ ಸಿಕ್ಕಿತು, ಔಷಧಿಯ ಮಾಹಿತಿಗೆ ಬೀಗ ಬಿತ್ತು.

ವಿದೇಶಿ ನೆರವು ತಡೆದ ಆ ಸಹಿಯ ಏಟು ನಮ್ಮ ಪಕ್ಕದೂರಿಗೂ ತಗಲಿತು. ಹೈದರಾಬಾದಿನಲ್ಲಿ 2021ರಲ್ಲಿ ತೆರೆದ ಮಿತ್ರ್ ಕ್ಲಿನಿಕ್ ಟ್ರಾನ್ಸ್‌ಜೆಂಡರ್ ಸಮುದಾಯದವರು ಟ್ರಾನ್ಸ್‌ಜೆಂಡರ್ ಸಮುದಾಯಕ್ಕಾಗಿ ನಡೆಸುತ್ತಿದ್ದ ದೇಶದ ಮೊದಲ ಚಿಕಿತ್ಸಾಲಯ. ಪುಣೆ, ಕಲ್ಯಾಣದಲ್ಲೂ ಇದರ ಶಾಖೆಗಳಿದ್ದವು. ಮೂರಕ್ಕೂ ಬೀಗ ಬಿತ್ತು. ಆ ಸುದ್ದಿ ಬಂದಾಗ ಎಕ್ಸ್ ಜಾಲತಾಣದ ಒಡೆಯ ಎಲಾನ್ ಮಸ್ಕ್ ತನ್ನದೇ ಜಾಲತಾಣದಲ್ಲಿ ಅದನ್ನು ಕುಹಕವಾಡಿದ, ನಿಮ್ಮ ತೆರಿಗೆ ಹೋಗುತ್ತಿದ್ದದ್ದು ಇದಕ್ಕೇ ಎಂದು. ಭೂಮಿಯ ಮೇಲಿನ ಅತಿ ಸಿರಿವಂತ, ಬಡವರು ಎಚ್‌ಐವಿ ಔಷಧಿ ತೆಗೆದುಕೊಳ್ಳುವ ಬಾಗಿಲು ಮುಚ್ಚಿದ್ದಕ್ಕೆ ಹಲ್ಲು ಕಿರಿದ. ಈ ನೀಚತನಕ್ಕೆ ಕನ್ನಡದಲ್ಲಿ ಬಯ್ಗುಳ ಇದೆ, ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ. ಹೈದರಾಬಾದಿನವರು ಕೈಕಟ್ಟಿ ಕೂರಲಿಲ್ಲ. ಕೆಲವೇ ತಿಂಗಳಲ್ಲಿ ಟಾಟಾ ಟ್ರಸ್ಟ್ಸ್ ನೆರವಿನಿಂದ ಸಬ್‌ರಂಗ್ ಎಂಬ ಹೆಸರಿನಲ್ಲಿ ಅಲ್ಲಿ ಮತ್ತೆ ಬಾಗಿಲು ತೆರೆಯಿತು. ನಡುವಿನ ಆ ತಿಂಗಳುಗಳಲ್ಲಿ ಔಷಧಿ ತಪ್ಪಿಸಿಕೊಂಡವರ ರಕ್ತದಲ್ಲಿ ಮತ್ತೆ ಏರಿದ ವೈರಸ್ಸಿಗೆ ಲೆಕ್ಕ ಕೊಡುವವರು ಯಾರು?

ಹೊರಗಿನವರನ್ನು ಬಯ್ದು ನಮ್ಮ ಸರ್ಕಾರಗಳನ್ನು ಬಿಟ್ಟುಬಿಡಲು ನಾನು ತಯಾರಿಲ್ಲ. ನಮ್ಮಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದೆ, 377ರ ತೀರ್ಪು ಬಂದ ನಾಲ್ಕೇ ದಿನಕ್ಕೆ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದದ್ದು. ಎಚ್‌ಐವಿ ಹರಡುವ ಅಪಾಯ ತಗ್ಗಿಸುವ ಯಾವ ಕ್ರಮವನ್ನೂ ತಡೆಯುವಂತಿಲ್ಲ, ಅದು ಅಪರಾಧವೂ ಅಲ್ಲ ಎಂದು ಅದರ 22ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಮಾಹಿತಿ ಕೊಡುವುದು, ಸಲಹೆ ಹೇಳುವುದು, ಕಾಂಡೋಮ್ ಒದಗಿಸುವುದು ಎಲ್ಲ ಅದರಲ್ಲಿ ಸೇರಿದೆ. ಲಖನೌದಲ್ಲಿ ಆದದ್ದು ಮತ್ತೆ ಆಗದಂತೆ ತಡೆಯಬಲ್ಲ ಕಾನೂನು ಇದು. ಇದನ್ನು ಕೈಯಲ್ಲಿ ಹಿಡಿದು ಈ ಕಂಪನಿಗಳ ಬೆಂಗಳೂರು, ದೆಹಲಿ ಕಚೇರಿಯ ಬಾಗಿಲು ತಟ್ಟಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನಾಕೋಗೆ ಏನು ಅಡ್ಡಿ? ಸರ್ಕಾರಕ್ಕೆ ಬೇಡವಾದ ಟೀಕೆಯನ್ನು ಇಳಿಸಲು ಇದೇ ಕಂಪನಿಗಳಿಗೆ ಆದೇಶ ಹೋಗುತ್ತದೆ, ಪಾಲನೆಯೂ ಆಗುತ್ತದೆ. ಕಾಂಡೋಮಿನ ಚಿತ್ರ ಉಳಿಸಿ ಎಂಬ ಒಂದು ಪತ್ರ ಬರೆಯುವಾಗ ಮಾತ್ರ ಲೇಖನಿಯ ಮಸಿ ಆರುತ್ತದೆ.

ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ನನ್ನ ಒತ್ತಾಯ ಇಷ್ಟು. ಆರೋಗ್ಯ ಕಾರ್ಯಕರ್ತರ ಖಾತೆಗಳಿಗೆ ಸರ್ಕಾರದ ಮುದ್ರೆ ಕೊಡಿ. ಅಳಿಸುವ ಮೊದಲು ಒಬ್ಬ ಕನ್ನಡ ಬಲ್ಲ ಮನುಷ್ಯ ಓದಲೇಬೇಕೆಂದು ಕಂಪನಿಗಳನ್ನು ಕಟ್ಟಿಹಾಕಿ. ಖಾತೆ ಹೋದರೂ ಹುಡುಗರು ಬರಬಲ್ಲ ಇನ್ನೊಂದು ದಾರಿ ಮೊದಲೇ ತೋಡಿಟ್ಟಿರಿ. 1097 ಸಹಾಯವಾಣಿ ಇದೆ, ಅಲ್ಲಿ ರಾತ್ರಿ ಕರೆ ಮಾಡುವ ಹಾವೇರಿಯ ಹುಡುಗನಿಗೆ 'ನೀನು ಗಂಡಸಲ್ಲವಾ' ಎಂದು ಕೇಳದೆ ಉತ್ತರಿಸುವವರನ್ನು ಕೂರಿಸಿ. 2022ರಲ್ಲೇ ನಾಕೋ ಪ್ರೆಪ್‌ಗೆ ಮಾರ್ಗಸೂಚಿ ತಂದಿದೆ, ಆ ಮಾತ್ರೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಿ. ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಲ್ಲವನಿಗೆ ಮಾತ್ರ ಸಿಗುವಂತಾದರೆ ಮಾರ್ಗಸೂಚಿ ಯಾರಿಗೆ ಬೇಕು?

ಎಲ್ಲಕ್ಕಿಂತ ಮೊದಲು, ರಾತ್ರಿ ಒಂದರವರೆಗೆ ಫೋನು ಹಿಡಿದು ಕೂತು ಪರರ ಭಯಕ್ಕೆ ಕಿವಿಗೊಡುವವನ ಡೇಟಾ ಪ್ಯಾಕಿನ ದುಡ್ಡನ್ನೂ ಅವನ ಜೇಬಿನಿಂದಲೇ ಕೀಳುವುದನ್ನು ನಿಲ್ಲಿಸಿ. ಅವನಿಗೆ ಬದುಕಲು ಸಾಕಾಗುವ ಸಂಬಳ ಕೊಡಿ. ಮುಂದಿನ ಯೋಜನೆಯಲ್ಲಿ ನೋಡೋಣ ಎನ್ನಬೇಡಿ, ಈ ತಿಂಗಳಿಂದಲೇ ಕೊಡಿ, ಬಾಕಿ ಸೇರಿಸಿ ಕೊಡಿ.