ಪರೀಕ್ಷೆಯ ಗಾಬರಿಗೆ ಬಿಯರ್ ಮದ್ದೇ?

ಪ್ರಶ್ನೆ: ನಾನು ಸಿದ್ದಾಪುರ ಕಡೆಯ ಹಳ್ಳಿಯವನು. ಶಿರಸಿಯಲ್ಲಿ ರೂಮು ಮಾಡಿಕೊಂಡು ಬಿ.ಎಸ್‌ಸಿ. ಓದುತ್ತಿದ್ದೇನೆ. ಪರೀಕ್ಷೆ ಹತ್ತಿರವಾದಂತೆ ಇದ್ದಕ್ಕಿದ್ದಂತೆ ಎದೆ ಡವಡವಗುಟ್ಟಿ, ಕೈ ನಡುಗಿ, ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಇ.ಸಿ.ಜಿ. ಮಾಡಿಸಿದೆ; ಹೃದಯಕ್ಕೆ ಏನೂ ಆಗಿಲ್ಲ ಎಂದರು. ಗೆಳೆಯನ ಮಾತು ಕೇಳಿ ಎರಡು ಸಲ ಬಿಯರ್ ಕುಡಿದೆ, ಆರಾಮೆನಿಸಿತು. ಮುಂದುವರಿಸಬಹುದೇ? ಅಪ್ಪನಿಗೆ ಹೇಳಲು ಹೆದರಿಕೆ.
- ಹೆಸರು ಬೇಡ

ಉತ್ತರ: ಖಂಡಿತ ಬೇಡ. ನಿಮಗಾಗುತ್ತಿರುವುದು ಗಾಬರಿಯ ದಾಳಿ. ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಕಾಡುದಾರಿಯಲ್ಲಿ ಚಿರತೆ ಎದುರಾದರೆ ಓಡಲು ದೇಹ ಹೇಗೆ ಸಜ್ಜಾಗುತ್ತದೋ ಇದೂ ಹಾಗೆಯೇ. ಚಿರತೆ ಮಾತ್ರ ಇಲ್ಲ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತೀವ್ರವಾಗಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಬಿಯರಿನ ಅಮಲು ಇಳಿದಾಗ ಆತಂಕ ಹೆಚ್ಚಾಗಿ ಮರಳುತ್ತದೆ, ನಿದ್ದೆ ಕೆಡುತ್ತದೆ, ಮತ್ತೆ ಕುಡಿಯಬೇಕೆನಿಸುತ್ತದೆ. ಚಟ ಶುರುವಾಗುವುದೇ ಹೀಗೆ.

ದಾಳಿ ಬಂದಾಗ ಕುಳಿತು, 4 ಎಣಿಸುತ್ತ ಉಸಿರೆಳೆದು, 6 ಎಣಿಸುತ್ತ ನಿಧಾನ ಬಿಡಿ. ‘ಇದು ಗಾಬರಿ, ಇಳಿಯುತ್ತದೆ’ ಎಂದು ಹೇಳಿಕೊಳ್ಳಿ. ಪರೀಕ್ಷೆ ತಪ್ಪಿಸಬೇಡಿ, ತಪ್ಪಿಸಿದಷ್ಟೂ ಹೆದರಿಕೆ ಬೆಳೆಯುತ್ತದೆ. ರಾತ್ರಿ ಓದುವಾಗ ಕಾಫಿ, ಚಹಾ ಬಿಟ್ಟು ಮನೆಯ ಕೊತ್ತಂಬರಿ-ಜೀರಿಗೆ ಕಷಾಯ ಕುಡಿಯಿರಿ.

ಮತ್ತೆ ಮತ್ತೆ ಬಂದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಆಪ್ತಸಲಹೆ, ಅಗತ್ಯವಿದ್ದರೆ ಮಾತ್ರೆಗಳಿಂದ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಪ್ಪನಿಗೆ ಈ ಪುಟ ತೋರಿಸಿ. ತಂದೆಯವರೇ, ‘ಧೈರ್ಯ ತಂದುಕೋ’ ಎಂದು ಗದರಬೇಡಿ. ಒಂದು ದಿನ ತೋಟದ ಕೆಲಸ ಬಿಟ್ಟು ಮಗನ ಜತೆ ವೈದ್ಯರಲ್ಲಿಗೆ ಹೋಗಿ. ಅವನಿಗೆ ಬೇಕಾದ ಧೈರ್ಯ ಅದೇ.