ನಗೆ ಯಾರ ಖಾತೆಗೆ?

ಒಂದು ಮೈಕು, ಒಂದು ಲೋಟ ನೀರು, ಒಬ್ಬ ಮನುಷ್ಯ. ಇಷ್ಟೇ ಬಂಡವಾಳ. ಎದುರಿಗೆ ಐನೂರು ಜನ. ಅವರಲ್ಲಿ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮಗಳ ಮದುವೆಯ ಸಾಲ, ಮತ್ತೊಬ್ಬರಿಗೆ ಮನೆಯಲ್ಲಿ ಬೆಳಗ್ಗೆಯಷ್ಟೇ ಜಗಳ. ಇವರೆಲ್ಲರನ್ನೂ ಒಂದೂವರೆ ಗಂಟೆ ನಗಿಸಿ ಕಳಿಸಬೇಕು. ಈ ಕೆಲಸಕ್ಕೆ ಈಗಿನ ಮಕ್ಕಳು ‘ಸ್ಟ್ಯಾಂಡ್ ಅಪ್ ಕಾಮಿಡಿ’ ಎನ್ನುತ್ತಾರೆ. ನಾವು ಹಾಸ್ಯ ಭಾಷಣ ಎನ್ನುತ್ತಿದ್ದೆವು. ನಿಂತುಕೊಂಡು ಹೇಳುವುದು ಆಗಲೂ ಇತ್ತು, ಈಗಲೂ ಇದೆ. ಕುಳಿತು ಕೇಳುವ ನಮಗೇನು ಕಷ್ಟ!

ಹಾಸ್ಯಗಾರರ ವಿಷಯದಲ್ಲಿ ನಾನು ದೊಡ್ಡ ಅಭಿಮಾನಿ. ಸಂಬಳ ಬಂದ ದಿನ ಸೀರೆ ಅಂಗಡಿಯ ಮುಂದೆ ನಿಲ್ಲದೆ ನಾಟಕದ ಟಿಕೆಟ್ ಕೌಂಟರಿನ ಮುಂದೆ ನಿಂತವನು ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಈ ವಾರ ನನಗೆ ಪ್ರಿಯರಾದ ಕೆಲವರನ್ನು ನಿಮಗೆ ಪರಿಚಯ ಮಾಡಿಕೊಡುತ್ತೇನೆ. ಅಜ್ಜ ಅಜ್ಜಿಯರಿಗೆ ಇವರು ಹಳೆಯ ನೆಂಟರು. ಮಕ್ಕಳೇ, ನಿಮಗೆ ಹೊಸಬರಿರಬಹುದು.

ಬಿಕಾಂ ಓದಿ, ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಹಾಗಾಗಿ ನಗುವನ್ನೂ ಲೆಕ್ಕದ ಕಣ್ಣಿನಿಂದಲೇ ನೋಡುತ್ತೇನೆ. ನಮ್ಮ ಲೆಕ್ಕದ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಒಂದು ಕಡೆ ಕ್ರೆಡಿಟ್ ಆಯಿತೆಂದರೆ ಇನ್ನೊಂದು ಕಡೆ ಅಷ್ಟೇ ಮೊತ್ತ ಡೆಬಿಟ್ ಆಗಿರಲೇಬೇಕು. ದುಡ್ಡು ಆಕಾಶದಿಂದ ಉದುರುವುದಿಲ್ಲ, ಯಾರದೋ ಖಾತೆಯಿಂದಲೇ ಬರಬೇಕು. ನಗುವೂ ಹಾಗೆಯೇ. ಐನೂರು ಜನರಿಗೆ ನಗು ಜಮೆ ಆಯಿತೆಂದರೆ ಅದು ಯಾರ ಖಾತೆಯಿಂದ ಹೋಯಿತು? ನನ್ನ ಮೆಚ್ಚಿನ ಹಾಸ್ಯಗಾರರನ್ನು ನಾನು ಆರಿಸಿಕೊಂಡಿರುವುದು ಈ ಒಂದು ಪ್ರಶ್ನೆಯ ಮೇಲೆ.

ಮೊದಲ ಹೆಸರು ಬೀಚಿ. ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ನೌಕರಿ ಮಾಡಿದ್ದು ಪೊಲೀಸ್ ಇಲಾಖೆಯಲ್ಲಿ. ಅಲ್ಲಿ ಕೂತು ನಗೆಬರಹ ಬರೆಯುವುದೆಂದರೆ ಸುಮ್ಮನೆಯೇ? ಕನ್ನಡದ ಕಡೆ ಹೆಚ್ಚು ಒಲವಿಲ್ಲದ ಅವರನ್ನು ಕನ್ನಡಕ್ಕೆ ಎಳೆದು ತಂದದ್ದು ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ. ಆಮೇಲೆ ಅವರು ಕನ್ನಡವನ್ನು ಬಿಡಲಿಲ್ಲ, ಕನ್ನಡಿಗರು ಅವರನ್ನು ಬಿಡಲಿಲ್ಲ. ತಮ್ಮ ಹೆಸರಿನ ‘ಬೀ’ ಅಕ್ಷರವನ್ನು ಕನ್ನಡದಲ್ಲೂ ‘ಚಿ’ಯನ್ನು ಇಂಗ್ಲಿಷಿನಲ್ಲೂ ಬರೆಯುತ್ತಿದ್ದರು. ನಗೆ ರುಜುವಿನಿಂದಲೇ ಶುರು! ಇಂಥ ರುಜು ಹಾಕಿದ ಚೆಕ್ ನನ್ನ ಕೌಂಟರಿಗೆ ಬಂದಿದ್ದರೆ ಮ್ಯಾನೇಜರ ಹತ್ತಿರ ಓಡಬೇಕಾಗುತ್ತಿತ್ತು.

ಅವರು ಸೃಷ್ಟಿಸಿದ ತಿಂಮ ಕನ್ನಡದ ಮನೆಮನೆಯ ಹುಡುಗ. ನೋಡಲು ಪೆದ್ದ. ಆದರೆ ಅವನು ಕೇಳುವ ಪೆದ್ದು ಪ್ರಶ್ನೆಗೆ ಬುದ್ಧಿವಂತರ ಹತ್ತಿರ ಉತ್ತರ ಇರುವುದಿಲ್ಲ. ಬೀಚಿ ತಮ್ಮ ಆತ್ಮಕಥೆಗೆ ಇಟ್ಟ ಹೆಸರೇನು ಗೊತ್ತೇ? ‘ನನ್ನ ಭಯಾಗ್ರಫಿ’. ಬಯಾಗ್ರಫಿಗೆ ಒಂದಿಷ್ಟು ಭಯ ಸೇರಿಸಿದರು, ಆಯಿತು ಭಯಾಗ್ರಫಿ. ದೊಡ್ಡವರು ಆತ್ಮಕಥೆ ಬರೆಯುವಾಗ ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವುದುಂಟು. ಇವರು ಮುಖಪುಟದಲ್ಲಿಯೇ ತಮ್ಮನ್ನು ತಾವು ಲೇವಡಿ ಮಾಡಿಕೊಂಡರು. ನೋಡಿ, ಡೆಬಿಟ್ ಬಿದ್ದದ್ದು ಸ್ವಂತ ಖಾತೆಗೆ!

ಬೀಚಿಯವರು ಬರೆದು ನಗಿಸಿದರೆ, ನಿಂತು ನಗಿಸುವ ಪದ್ಧತಿಗೆ ನಮ್ಮಲ್ಲಿ ಹರಿಕಥೆಯೇ ತಾಯಿಬೇರು. ಗುರುರಾಜುಲು ನಾಯ್ಡು ಅವರ ಹರಿಕಥೆಯನ್ನು ಕ್ಯಾಸೆಟ್ಟಿನಲ್ಲಿ ಕೇಳದ ಅಜ್ಜ ಅಜ್ಜಿಯರು ವಿರಳ. ಹಬ್ಬ ಬಂದರೆ ದೇವಸ್ಥಾನದ ಧ್ವನಿವರ್ಧಕದಲ್ಲಿ ಅವರದೇ ಕಂಠ. ಸಿನಿಮಾದಲ್ಲಿ ಅರುಣ್‌ಕುಮಾರ್ ಎಂಬ ಹೆಸರಿನಿಂದ ನಟಿಸಿದವರೂ ಅವರೇ. ಕಥೆ ಗಂಭೀರವಾಗಿ ಸಾಗುತ್ತಿರುವಾಗ ನಡುವೆ ಒಂದು ಉಪಕಥೆ ತರುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಮತ್ತೆ ಮೂಲಕಥೆಗೆ ತಂದು ನಿಲ್ಲಿಸುತ್ತಿದ್ದರು. ಯಾವಾಗ ಮಾತು, ಯಾವಾಗ ಹಾಡು, ಯಾವಾಗ ಬರೀ ಮೌನ ಎಂಬುದನ್ನು ಕಲಿಯಬೇಕಾದರೆ ಇಂದಿನ ಹಾಸ್ಯಗಾರರೂ ಅವರ ಧ್ವನಿಮುದ್ರಣ ಕೇಳಬೇಕು.

ಇನ್ನು ಮಾಸ್ಟರ್ ಹಿರಣ್ಣಯ್ಯ. 1934ರಲ್ಲಿ ಹುಟ್ಟಿ 2019ರಲ್ಲಿ ನಮ್ಮನ್ನಗಲಿದವರು. ತಂದೆ ಕೆ. ಹಿರಣ್ಣಯ್ಯನವರ ನಾಟಕ ಮಂಡಳಿಯನ್ನು ಮುಂದುವರಿಸಿದವರು. ನಾಟಕವೆಂದರೆ ನಾಲ್ಕಾರು ಪಾತ್ರ, ಪರದೆ, ರಂಗಸಜ್ಜಿಕೆ ಎಲ್ಲವೂ ಇರುತ್ತಿತ್ತು. ಆದರೆ ಹಿರಣ್ಣಯ್ಯನವರು ನಡುವೆ ಕಥೆಯನ್ನು ಬದಿಗಿಟ್ಟು ಪ್ರೇಕ್ಷಕರ ಕಡೆ ತಿರುಗಿ ಮಾತಿಗೆ ಶುರುಮಾಡಿದರೆ, ಉಳಿದ ಪಾತ್ರಧಾರಿಗಳು ಸುಮ್ಮನೆ ನಿಂತು ಕೇಳಬೇಕು! ಅಂದಿನ ಪತ್ರಿಕೆಯ ಸುದ್ದಿ ಅಂದಿನ ರಾತ್ರಿಯ ಆಟಕ್ಕೆ ಬಂದುಬಿಡುತ್ತಿತ್ತು. ಹೀಗಾಗಿ ಒಂದೇ ನಾಟಕವನ್ನು ನಾಲ್ಕು ಸಲ ನೋಡಿದರೂ ನಾಲ್ಕು ನಾಟಕ ನೋಡಿದ ಹಾಗೆ.

ಅವರ ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಮಕ್ಕಳೇ, ಪೆನ್ಸಿಲು ತೆಗೆದುಕೊಳ್ಳಿ. ದಿನಕ್ಕೊಂದು ಆಟ, ಭಾನುವಾರವೂ ರಜೆ ಇಲ್ಲ ಅಂದುಕೊಳ್ಳಿ. 10,000ವನ್ನು 365ರಿಂದ ಭಾಗಿಸಿ. 27 ವರ್ಷ ದಾಟಿತಲ್ಲವೇ? ಅಷ್ಟು ದಿನ ಒಬ್ಬ ಮನುಷ್ಯ ರಂಗದ ಮೇಲೆ ನಿಂತು ಲಂಚ ತೆಗೆದುಕೊಳ್ಳುವವರನ್ನು ಬೈದರು. ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿಗಳೂ ರಾಜಕಾರಣಿಗಳೂ ಕೇಳಿ ನಕ್ಕರು. ಅವರಲ್ಲಿ ಕೆಲವರ ನಗು ಸ್ವಲ್ಪ ಬಿಗಿಯಾಗಿಯೇ ಇತ್ತು! ಇಲ್ಲಿ ಡೆಬಿಟ್ ಬಿದ್ದದ್ದು ದೊಡ್ಡವರ ಖಾತೆಗೆ. ಅವರ ಖಾತೆಯಲ್ಲಿ ಬೇಕಾದಷ್ಟು ಇರುತ್ತದೆ, ಒಂದಿಷ್ಟು ಕಡಿಮೆಯಾದರೆ ಏನೂ ತೊಂದರೆ ಇಲ್ಲ.

ಗಂಡ-ಹೆಂಡತಿ ಜೋಕುಗಳ ವಿಚಾರಕ್ಕೆ ಬರೋಣ. ಮದುವೆಯಾದವನ ಕಷ್ಟ, ಹೆಂಡತಿಯ ಸೀರೆಯ ಆಸೆ, ಅತ್ತೆಯ ಆಗಮನ ಇವೇ ಹಾಸ್ಯವೆಂದು ಬಹಳ ಕಾಲ ನಡೆದುಬಿಟ್ಟಿತು. ಸಭೆಯಲ್ಲಿ ಅರ್ಧದಷ್ಟು ಹೆಂಗಸರೇ ಕೂತಿರುತ್ತಿದ್ದರು. ಪಾಪ, ತಮ್ಮ ಖಾತೆಯಿಂದಲೇ ಹೋದ ನಗುವಿಗೆ ತಾವೇ ಚಪ್ಪಾಳೆ ತಟ್ಟಬೇಕಾಗಿತ್ತು. ರಾ.ಶಿ. ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಎಂಬ ನಗೆಪತ್ರಿಕೆ ಶುರುಮಾಡಿದರು. ಆರ್.ಕೆ. ಲಕ್ಷ್ಮಣ್ ಚಿಕ್ಕ ವಯಸ್ಸಿನಲ್ಲಿ ಚಿತ್ರ ಬರೆದದ್ದು ಅದಕ್ಕೇ. ಆ ಪತ್ರಿಕೆಯಲ್ಲಿ ಬರೆದವರು ಟಿ. ಸುನಂದಮ್ಮ. ಅಡುಗೆಮನೆಯ ಒಳಗೆ ನಿಂತು ನೋಡಿದರೆ ಗಂಡಸರ ಪ್ರಪಂಚ ಎಷ್ಟು ತಮಾಷೆಯಾಗಿ ಕಾಣುತ್ತದೆ ಎಂದು ಅವರು ತೋರಿಸಿಕೊಟ್ಟರು. ನಮ್ಮ ಕಾಲಕ್ಕೆ ಅದೇ ದಾರಿಯಲ್ಲಿ ಮೈಕು ಹಿಡಿದವರು ಸುಧಾ ಬರಗೂರು, ಇಂದುಮತಿ ಸಾಲಿಮಠ. ಉದಯ ಟಿವಿಯ ‘ಹರಟೆ’ಯಲ್ಲಿ ಇವರು ಗಂಡಸರಿಗೆ ಕೊಡುತ್ತಿದ್ದ ಉತ್ತರ ಕೇಳಲೆಂದೇ ನಮ್ಮ ಮನೆಯಲ್ಲಿ ಅಡುಗೆ ಬೇಗ ಮುಗಿಯುತ್ತಿತ್ತು.

ಅದೇ ‘ಹರಟೆ’ಯಲ್ಲಿ ಕಂಡ ಇನ್ನಿಬ್ಬರು ನನಗೆ ಅಚ್ಚುಮೆಚ್ಚು. ಒಬ್ಬರು ಹಿರೇಮಗಳೂರು ಕಣ್ಣನ್. ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಕನ್ನಡದಲ್ಲೇ ಪೂಜೆ ಮಾಡುವ ಅರ್ಚಕರು. ಮಂಗಳಾರತಿಯ ಗಂಟೆಯಷ್ಟೇ ಸ್ಪಷ್ಟವಾದ ಮಾತು. ಇನ್ನೊಬ್ಬರು ಪ್ರೊ. ಎಂ. ಕೃಷ್ಣೇಗೌಡರು. ಮೈಸೂರಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ಹಳ್ಳಿಯ ಜಗಲಿಯ ಕಥೆ ಹೇಳುತ್ತ ಹೇಳುತ್ತ ಯಾವಾಗ ಸಾಹಿತ್ಯದ ಪಾಠಕ್ಕೆ ಹೋದರು ಎಂದು ತಿಳಿಯುವುದೇ ಇಲ್ಲ. ನಕ್ಕು ಮುಗಿಸುವಷ್ಟರಲ್ಲಿ ಪಾಠವೂ ಮುಗಿದಿರುತ್ತದೆ. ಇಂಥ ಮೇಷ್ಟರು ನನಗೆ ಸಿಕ್ಕಿದ್ದರೆ ನಾನು ಬಿಕಾಂ ಬದಲು ಕನ್ನಡ ಎಂಎ ಮಾಡುತ್ತಿದ್ದೆನೇನೋ.

ಈಗ ಗಂಗಾವತಿಗೆ ಹೋಗೋಣ. ಕೊಪ್ಪಳ ಜಿಲ್ಲೆಯ ಭತ್ತದ ಊರು. ಅಲ್ಲಿಂದ ಬಂದವರು ಪ್ರಾಣೇಶ್. ಬೀಚಿಯವರ ಪರಮ ಭಕ್ತರು. ಬೀಚಿಯವರ ಹಾಸ್ಯವನ್ನು ಊರೂರಿಗೆ ಹೇಳುತ್ತಲೇ ಬೆಳೆದವರು. ಅವರ ಮಾತು ಕ್ಯಾಸೆಟ್ಟು, ಸಿಡಿ, ಯೂಟ್ಯೂಬ್ ಹೀಗೆ ದಾಟಿಕೊಂಡು ಅಮೆರಿಕದ ಕನ್ನಡ ಕೂಟಗಳವರೆಗೂ ಹೋಯಿತು. ಅವರ ತಂಡದ ನರಸಿಂಹ ಜೋಶಿ, ಬಸವರಾಜ ಮಹಾಮನಿ ಕೂಡ ನಗಿಸುವುದರಲ್ಲಿ ಹಿಂದೆ ಬಿದ್ದವರಲ್ಲ.

ಪ್ರಾಣೇಶ್ ಅವರ ಬಗ್ಗೆ ನನಗೆ ಇರುವ ಗೌರವಕ್ಕೆ ಬೇರೆಯೇ ಕಾರಣವಿದೆ. ನಾನು ತುಮಕೂರು ಕಡೆಯವನು, ಕೆಲವು ವರ್ಷ ಸಿಂಧನೂರಿನಲ್ಲಿ ಕೆಲಸ ಮಾಡಿದೆ. ಅಲ್ಲಿಯ ಮಾತಿನ ಸೊಗಸನ್ನು ಕೌಂಟರಿನ ಈಚೆ ಕೂತು ಸವಿದೆ. ಆದರೆ ಆ ಕಡೆಯ ಹುಡುಗರು ಬೆಂಗಳೂರಿಗೋ ಮೈಸೂರಿಗೋ ಓದಲು ಬಂದಾಗ ‘ಹೌದ್ರೀ’ ಅಂದರೆ ಸಾಕು, ಪಕ್ಕದಲ್ಲಿದ್ದವರು ನಗುತ್ತಿದ್ದರು. ಹುಡುಗರು ನಾಚಿಕೊಂಡು ತಮ್ಮ ಅವ್ವನ ಮಾತನ್ನೇ ಬಚ್ಚಿಡುತ್ತಿದ್ದರು. ಪ್ರಾಣೇಶ್ ಬಂದು ಅದೇ ಮಾತಿನಲ್ಲಿ, ಅದೇ ಸಭೆಗಳಲ್ಲಿ, ತಮ್ಮ ಊರು, ತಮ್ಮ ಮನೆ, ತಮ್ಮ ಬಾಲ್ಯವನ್ನು ಹೇಳಿ ನಗಿಸಿದರು. ಮೊದಲು ಆ ಮಾತನ್ನು ಕೇಳಿ ನಗುತ್ತಿದ್ದ ಜನ, ಈಗ ಆ ಮಾತು ಹೇಳಿದ್ದನ್ನು ಕೇಳಿ ನಗತೊಡಗಿದರು. ಎರಡೂ ನಗುವೇ. ಆದರೆ ಮೊದಲನೆಯದರಲ್ಲಿ ಹುಡುಗನ ಖಾತೆ ಖಾಲಿಯಾಗುತ್ತಿತ್ತು, ಎರಡನೆಯದರಲ್ಲಿ ತುಂಬುತ್ತದೆ.

ಸಿಂಧನೂರು ಅಂದಾಗ ಒಂದು ನೆನಪಾಯಿತು. ಮೈಸೂರಿನಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ನಿವೃತ್ತಿ ಸಮಾರಂಭದಲ್ಲಿ ಹೇಳಿದ ಪ್ರಸಂಗ. ಬಂದ ಮೊದಲ ದಿನ, ಮಧ್ಯಾಹ್ನ ಊಟವಾದ ಮೇಲೆ, ಒಬ್ಬ ರೈತರು ಕೌಂಟರಿಗೆ ಬಂದು, “ಸ್ವಲ್ಪ ನಿಂದ್ರಿ ಸಾಹೇಬ್ರ, ಪಾಸ್‌ಬುಕ್ ತರ್ತೀನಿ” ಅಂದರಂತೆ. ಆ ಕಡೆ ‘ನಿಂದ್ರಿ’ ಅಂದರೆ ನಿಲ್ಲಿ, ತಾಳಿ ಎಂದರ್ಥ. ಇವರ ಕಿವಿಗೆ ಅದು ‘ನಿದ್ರಿ’ ಎಂದು ಬಿತ್ತು. “ಎಷ್ಟು ಒಳ್ಳೆಯ ಊರು! ಗಿರಾಕಿಗಳೇ ನಿದ್ದೆ ಮಾಡಿ ಅಂತ ಹೇಳಿ ಹೋಗ್ತಾರೆ ಅಂದುಕೊಂಡೆ” ಎಂದು ಅವರು ಹೇಳಿದಾಗ ಸಭೆಯಲ್ಲಿದ್ದ ಸಿಂಧನೂರಿನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಕಾರಣ ಸ್ಪಷ್ಟ. ಪೆಚ್ಚಾದವನು ಊರಿನವನಲ್ಲ, ಹೇಳುವವನೇ.

ಹೊಸಬರನ್ನೂ ಮರೆಯುವಂತಿಲ್ಲ. ಬೆಂಗಳೂರಿನ ಹುಡುಗರು ‘ಲೋಲ್‌ಬಾಗ್’ ಎಂದು ತಂಡ ಕಟ್ಟಿಕೊಂಡು ಕನ್ನಡದಲ್ಲಿ ಸ್ಟ್ಯಾಂಡ್ ಅಪ್ ಮಾಡುತ್ತಿದ್ದಾರೆ. ಲಾಲ್‌ಬಾಗಿನಲ್ಲಿ ಹೂವು, ಲೋಲ್‌ಬಾಗಿನಲ್ಲಿ ನಗು. ಮೊಬೈಲಿನಲ್ಲಿ ಮೊಮ್ಮಗ ತೋರಿಸಿದ. ಅವರು ಹೇಳುವ ಆಫೀಸಿನ ವಿಷಯ ಅರ್ಧ ನನಗೆ ಅರ್ಥವಾಗುವುದಿಲ್ಲ. ಆದರೂ ಮಾತಿನ ನಡುವೆ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾರೆ. ಆ ಒಂದು ಕ್ಷಣದ ಮೌನ ಹರಿಕಥೆಯ ಕಾಲದ್ದೇ.

ಮೊಮ್ಮಗನ ಮಾತು ಬಂತಲ್ಲ, ಅವನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಅವನು ಏಳನೆಯ ತರಗತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೂರು ನಿಮಿಷ ನಗಿಸುವ ಅವಕಾಶ ಸಿಕ್ಕಿತ್ತು. ಮನೆಯಲ್ಲಿ ನಮ್ಮಿಬ್ಬರ ಮುಂದೆ ಮಾಡಿ ತೋರಿಸಿದ. ಅವನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಮಾತು ತೊದಲುತ್ತದೆ. ಆ ಹುಡುಗ ಹಾಜರಿ ಹೇಳುವುದು, ಪದ್ಯ ಒಪ್ಪಿಸುವುದು, ಎಲ್ಲವನ್ನೂ ಇವನು ಹಾಗೆಯೇ ಅನುಕರಣೆ ಮಾಡಿದ. ಬಹಳ ಚೆನ್ನಾಗಿಯೇ ಮಾಡಿದ. ಕಷ್ಟ ಇದ್ದದ್ದೇ ಅಲ್ಲಿ.

ನಾನು ಬಾಯಿ ತೆರೆಯುವ ಮೊದಲೇ ಅವನ ಅಜ್ಜಿ ಕೇಳಿದಳು, “ಆ ಹುಡುಗನೂ ಅವತ್ತು ಬರ್ತಾನೇನೋ ಪುಟ್ಟಾ?”

“ಬರ್ತಾನೆ ಅಜ್ಜಿ.”

“ಅವರಮ್ಮ?”

ಅವನು ಉತ್ತರ ಕೊಡಲಿಲ್ಲ. ಅಜ್ಜಿಯೂ ಮತ್ತೆ ಕೇಳಲಿಲ್ಲ, ಹುರುಳಿಕಾಯಿ ಸೋಸುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ, “ಎಲ್ಲರೂ ತರಗತಿಯಲ್ಲಿ ಹಾಗೇ ಮಾಡ್ತಾರೆ ತಾತ, ಅವನೂ ನಗ್ತಾನೆ” ಎಂದು ನನ್ನ ಹತ್ತಿರ ಬಂದ. “ನಗದೆ ಅವನು ಏನು ಮಾಡಬೇಕು ಹೇಳು? ಮೂವತ್ತು ಜನ ನಗುವಾಗ ಒಬ್ಬನೇ ಅಳೋಕಾಗುತ್ತಾ?” ಎಂದೆ. ಡೆಬಿಟ್-ಕ್ರೆಡಿಟ್ಟಿನ ಪಾಠ ಅವನಿಗೆ ಹೇಳಿಕೊಟ್ಟದ್ದು ಆವತ್ತೇ.

ಕೊನೆಗೆ ಅವನು ಹೇಳಿದ್ದು ತನ್ನದೇ ಕಥೆ. ಅಜ್ಜಿ ಕೊತ್ತಂಬರಿ ಸೊಪ್ಪು ತಾ ಎಂದು ಕಳಿಸಿದ್ದು, ಇವನು ಪುದೀನ ತಂದದ್ದು, ವಾಪಸ್ ಕಳಿಸಿದರೆ ಮೆಂತ್ಯ ತಂದದ್ದು, ಮೂರನೆಯ ಸಲ ಸೊಪ್ಪಿನವಳೇ ಇವನ ಜೊತೆ ಮನೆಗೆ ಬಂದದ್ದು. “ಸೊಪ್ಪುಗಳೆಲ್ಲ ಹಸಿರಾಗಿಯೇ ಯಾಕಿರಬೇಕು?” ಎಂದು ಮುಗಿಸಿದ. ಐದು ಕಡೆ ನಗುತ್ತಾರೆಂದು ಲೆಕ್ಕ ಹಾಕಿದ್ದನಂತೆ, ಮೂರು ಕಡೆ ನಕ್ಕರು. ಮನೆಗೆ ಬಂದವನ ಮುಖ ಸ್ವಲ್ಪ ಸಪ್ಪೆಯಾಗಿತ್ತು. ಆ ಇನ್ನೊಂದನ್ನು ಮಾಡಿದ್ದರೆ ಹತ್ತು ಕಡೆ ನಗುತ್ತಿದ್ದರು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಸಾಲ ಮಾಡಿ ತಂದ ಹತ್ತಕ್ಕಿಂತ ದುಡಿದ ಮೂರು ಮೇಲು ಎಂದೆ.

ಮಕ್ಕಳೇ, ನಗಿಸುವ ಆಸೆ ಇದ್ದರೆ ಈ ತಾತನ ಮೂರು ಮಾತು ಕಿವಿಯ ಮೇಲೆ ಹಾಕಿಕೊಳ್ಳಿ. ಒಂದು, ಜೋಕಿನಲ್ಲಿ ಪೇಚಿಗೆ ಸಿಕ್ಕುವವರು ನೀವೇ ಆಗಿರಲಿ, ಇಲ್ಲವೇ ನಿಮಗಿಂತ ಬಲಶಾಲಿಗಳಾಗಿರಲಿ. ಬಣ್ಣ, ದಪ್ಪ, ಕುಂಟು, ತೊದಲು ಇವುಗಳ ತಂಟೆ ಬೇಡ. ಎರಡು, ನಗುವ ಮಾತು ಬರುವ ಮೊದಲು ಒಂದು ಉಸಿರು ನಿಲ್ಲಿಸಿ. ಮೂರು, ನೀವೇ ಮೊದಲು ನಗಬೇಡಿ, ಕೇಳುವವರಿಗೂ ಸ್ವಲ್ಪ ಉಳಿಸಿ.

ಅಜ್ಜ ಅಜ್ಜಿಯರಿಗೂ ಒಂದು ಕೆಲಸವಿದೆ. ಈ ಭಾನುವಾರ ಟಿವಿ ಆರಿಸಿ, ಮೊಮ್ಮಕ್ಕಳನ್ನು ಕೂರಿಸಿಕೊಂಡು, ನೀವು ಪೇಚಿಗೆ ಸಿಕ್ಕಿದ ಒಂದು ಪ್ರಸಂಗ ಹೇಳಿ. ಮೊದಲ ಸಲ ಬಸ್ಸು ಹತ್ತಿದ್ದು, ಮೊದಲ ಸಲ ಫೋನು ಎತ್ತಿದ್ದು, ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಗಂಟಲಿಗೆ ಸಿಕ್ಕಿದ್ದು, ಯಾವುದಾದರೂ ಸರಿ. ಪ್ರತಿ ಅಜ್ಜನ ಹತ್ತಿರವೂ ಇಂಥವು ಹತ್ತಾರು ಇರುತ್ತವೆ. ಅಜ್ಜನಿಗೆ ನೆನಪಿಲ್ಲದಿದ್ದರೆ ಅಜ್ಜಿಗೆ ಖಂಡಿತ ನೆನಪಿರುತ್ತದೆ!